ಅಮ್ಮ ಊಟ ಬಿಟ್ಟು ಕೂತಿದ್ದಾರೆ, ಸೈನ್ ಹಾಕ್ಲಾ?

ಪ್ರಶ್ನೆ: ಅಪ್ಪ ಹೋದ ವರ್ಷ ತೀರಿಕೊಂಡ್ರು, ವಿಲ್ ಬರೆದಿಲ್ಲ. ಅವರ ಸ್ವಂತ ದುಡಿಮೆಯ ಮನೆ, 40 ಸೆಂಟ್ಸ್ ಜಾಗ ಉಂಟು. ನಾನು ರಿಲೀಸ್ ಡೀಡಿಗೆ (ನನ್ನ ಪಾಲು ಬಿಟ್ಟು ಕೊಡುವ ಬಿಡುಗಡೆ ಪತ್ರಕ್ಕೆ) ಸೈನ್ ಹಾಕ್ಬೇಕು ಅಂತ ಅಣ್ಣ. ಅಪ್ಪನ ಆಸ್ಪತ್ರೆ ಖರ್ಚು ಕಟ್ಟಿದ್ದು ನಾನು, ಅಮ್ಮನನ್ನು ನೋಡಿಕೊಳ್ಳುದೂ ನಾನು ಅಂತಾನೆ. ಸ್ವಲ್ಪ ಯೋಚಿಸ್ತೇನೆ ಅಂದದ್ದಕ್ಕೆ ಅಮ್ಮ ಊಟ ಬಿಟ್ಟಿದ್ದಾರೆ, 'ನೀನು ಸೈನ್ ಹಾಕದಿದ್ರೆ ಬಾವಿಗೆ ಹಾರ್ತೇನೆ' ಅಂತಲೂ ಅಂದ್ರು. ಅಣ್ಣ ಮಾತ್ರ 'ನಾವು ಫೋರ್ಸ್ ಮಾಡ್ಲಿಲ್ಲ, ಒಪ್ಪಿಸ್ತಿದ್ದೇವೆ ಅಷ್ಟೇ' ಅಂತಾನೆ. ಹೌದಾ?
— ಹೆಸರು ಬೇಡ, ಕಾಪು

ಉತ್ತರ: ಮೊದಲು ಬಾವಿಯ ಮಾತು. ಅದನ್ನು ನಾಟಕ ಅಂತ ತಳ್ಳಿ ಹಾಕ್ಬೇಡಿ ಅಕ್ಕ, ಅಮ್ಮನ ಹತ್ತಿರ ಯಾರಾದ್ರೂ ಇರ್ಲಿ, ಡಾಕ್ಟ್ರಿಗೆ ತೋರಿಸಿ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ. ಆದ್ರೆ ಆ ಹೆದರಿಕೆಗೆ ಮದ್ದು ನಿಮ್ಮ ಸೈನ್ ಅಲ್ಲ.

ಈಗ ಅಣ್ಣನ ವಿಷಯ. ಆಸ್ಪತ್ರೆ ಖರ್ಚು ಕಟ್ಟಿದ್ದೇನೆ, ಅಮ್ಮನನ್ನು ನೋಡ್ತೇನೆ ಅಂತ ಹೇಳುದು ಒಪ್ಪಿಸುದೇ, ಅದ್ರಲ್ಲಿ ತಪ್ಪಿಲ್ಲ, ನ್ಯಾಯವೂ ಉಂಟು. ಬಿಲ್ ತೋರಿಸ್ಲಿ, ಲೆಕ್ಕ ಹಾಕ್ಲಿ, ಕೇಳಿ ನಿಮಗೇ ಸರಿ ಅನ್ನಿಸಿದ್ರೆ ಪಾಲಿನಲ್ಲಿ ಸ್ವಲ್ಪ ಬಿಟ್ಟು ಕೊಡಿ, ಅದು ನಿಮ್ಮ ದೊಡ್ಡ ಮನಸ್ಸು. ಆದ್ರೆ ಅದೇ ವಾದದ ಪಕ್ಕದಲ್ಲಿ ಅಮ್ಮನ ಊಟದ ಬಟ್ಟಲು ಖಾಲಿ ಇಟ್ರೆ ವಾದ ಸರಿಯಾ ತಪ್ಪಾ ಅಂತ ಯೋಚಿಸುವವರು ಯಾರು? ನೀವು ಅಣ್ಣನ ಮಾತಿಗೆ ಒಪ್ಪಿದ್ದಾ ಅಮ್ಮನ ಜೀವಕ್ಕೆ ಹೆದರಿದ್ದಾ ಅಂತ ನಿಮಗೇ ಗೊತ್ತಾಗ್ಲಿಕ್ಕಿಲ್ಲ. ನಾನು ನೋಡುದು ಒಂದೇ, 'ಆಗುದಿಲ್ಲ' ಅಂದ್ರೆ ನಿಮಗೆ ಏನಾಗ್ತದೆ ಅಂತ. ಅಣ್ಣನಿಗೆ ಬೇಜಾರಾಗ್ತದೆ, ನಾಲ್ಕು ದಿನ ಮಾತು ಬಿಡ್ತಾನೆ ಅಂದ್ರೆ ಅದು ಸಂಸಾರ ಮಾರಾಯ್ರೆ, ಎಲ್ಲ ಕಡೆ ಇದ್ದದ್ದೇ. 'ಆಗುದಿಲ್ಲ' ಅಂದದ್ದಕ್ಕೆ ತಾಯಿಯ ಸಾವು ನಿಮ್ಮ ತಲೆ ಮೇಲೆ ಬರ್ತದೆ ಅಂತ ಹೆದರಿಸಿದ್ರೆ ಅದು ಬಲವಂತ, ಎಷ್ಟೇ ಮೆಲ್ಲ ಮಾತಾಡಿದ್ರೂ ಬಲವಂತವೇ.

ಇದು ನಾನು ಕೈಯಿಂದ ಹಾಕಿ ಹೇಳುದಲ್ಲ. 1917ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ನಿಮ್ಮ ಮನೆಯದ್ದೇ ಅನ್ನಬಹುದಾದ ಕೇಸು ಬಂದಿತ್ತು, ಚಿಕ್ಕಂ ಅಮ್ಮಿರಾಜು ಮತ್ತು ಚಿಕ್ಕಂ ಶೇಷಮ್ಮ ಅಂತ (ಆಗ ನಮ್ಮ ಮಂಗ್ಳೂರು ಉಡುಪಿಯೂ ಮದ್ರಾಸಿಗೇ ಸೇರಿದ್ದು). ಗಂಡ ಆತ್ಮಹತ್ಯೆ ಮಾಡ್ಕೊಳ್ತೇನೆ ಅಂತ ಹೆದರಿಸಿ, ಹೆಂಡ್ತಿ ಮತ್ತು ಮಗನಿಂದ ತನ್ನ ಸಹೋದರನ ಹೆಸರಿಗೆ ಬಿಡುಗಡೆ ಪತ್ರ ಬರೆಸಿಕೊಂಡಿದ್ದ. ಸತ್ತವನಿಗೆ ಶಿಕ್ಷೆ ಕೊಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ಅದು ಕಾನೂನು ನಿಷೇಧಿಸಿದ ಕೆಲಸ ಹೇಗೆ ಆಗ್ತದೆ ಅಂತ ಒಬ್ರು ಜಡ್ಜ್ ಕೇಳಿದ್ರು, ಉಳಿದ ಇಬ್ರು ಇಲ್ಲ ಇದು ಬಲವಂತವೇ ಅಂದ್ರು, ಪತ್ರ ನಿಲ್ಲಲಿಲ್ಲ. ಕಾನೂನು ನಿಷೇಧಿಸಿದ ಕೆಲಸ ಮಾಡ್ತೇನೆ ಅಂತ ಹೆದರಿಸಿ ಒಪ್ಪಿಸಿದ್ರೆ ಬಲವಂತ ಅನ್ನುವ 1872ರ ಕರಾರು ಕಾಯ್ದೆಯ 15ನೇ ಸೆಕ್ಷನ್ ಮೇಲೆ ಬಂದ ತೀರ್ಪು ಅದು. ಬರೀ ಊಟ ಬಿಡುದು ಆ ಸೆಕ್ಷನ್ನಿಗೆ ಬರ್ತದಾ ಅಂತ ವಕೀಲರು ಜಗಳ ಮಾಡಬಹುದು, ಆದ್ರೆ ನಮ್ಮ ಮೇಲೆ ಹಿಡಿತ ಇರುವವರು ಅದನ್ನೇ ಉಪಯೋಗಿಸಿ ಲಾಭ ಮಾಡ್ಕೊಳ್ಳುದಕ್ಕೆ 16ನೇ ಸೆಕ್ಷನ್ ಬೇರೆಯೇ ಉಂಟು.

ಉಪವಾಸದಿಂದ ಒಪ್ಪಿಸಬಹುದಾ ಅನ್ನುದು ದೊಡ್ಡವರನ್ನೂ ಬಿಡಲಿಲ್ಲ. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಅಂತ 1932ರ ಸೆಪ್ಟೆಂಬರ್ 20ಕ್ಕೆ ಗಾಂಧೀಜಿ ಯೆರವಾಡ ಜೈಲಲ್ಲಿ ಉಪವಾಸ ಕೂತ್ರು, 24ಕ್ಕೆ ಅಂಬೇಡ್ಕರ್ ಅದನ್ನು ಬಿಟ್ಟು ಕೊಡುವ ಪೂನಾ ಒಪ್ಪಂದಕ್ಕೆ ಸೈನ್ ಹಾಕಿದ್ರು. ಗಾಂಧಿಗೆ ಅದು ಸವರ್ಣ ಹಿಂದೂಗಳ ಮನಸ್ಸು ತಟ್ಟುವ ವ್ರತ, ಅಂಬೇಡ್ಕರಿಗೆ ಅದು ದಿಕ್ಕಿಲ್ಲದ ಜನರ ಮೇಲೆ ಹಾಕಿದ ಬಲವಂತ, ಆಮೇಲೆ ಬಹಳ ಕಟುವಾಗಿಯೇ ಬರೆದ್ರು. ನನ್ನ ವೋಟು ಈ ವಿಷಯದಲ್ಲಿ ಅಂಬೇಡ್ಕರಿಗೆ, ಬೈಯುವವರು ಪತ್ರ ಬರೀರಿ.

ನೀವು ಮಾಡ್ಬೇಕಾದ್ದು ಇಷ್ಟು. ಅಪ್ಪನ ಸ್ವಂತ ಆಸ್ತಿ, ವಿಲ್ ಇಲ್ಲ ಅಂದ್ರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಅಣ್ಣ, ನೀವು, ಮಕ್ಕಳು ನೀವಿಬ್ರೇ ಆದ್ರೆ ಮೂವರಿಗೂ ಸಮಪಾಲು. ಡ್ರಾಫ್ಟ್ ಕಾಪಿ ಮನೆಗೆ ತನ್ನಿ, ಅಣ್ಣ ಹಿಡಿದ ವಕೀಲರು ಅಲ್ಲದೆ ಬೇರೆಯವ್ರಿಗೆ ತೋರಿಸಿ, ಅಷ್ಟರವರೆಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಲು ಹತ್ತಬೇಡಿ. ಒಮ್ಮೆ ರಿಜಿಸ್ಟರ್ ಆದ ಪತ್ರ ತನ್ನಿಂದ ತಾನೇ ರದ್ದಾಗುದಿಲ್ಲ, ಕೋರ್ಟಿಗೆ ಹೋಗ್ಬೇಕು, ಸಾಮಾನ್ಯವಾಗಿ 3 ವರ್ಷದೊಳಗೆ, ಹೆದರಿಸಿದ್ದು ಹೌದು ಅಂತ ತೋರಿಸುವ ಕಷ್ಟವೂ ಹೆಚ್ಚಾಗಿ ನಿಮ್ಮದೇ. ಮತ್ತೆ ಅಣ್ಣನಿಗೆ ನೇರ ಹೇಳಿ, ಅಮ್ಮ ಊಟ ಮಾಡಿದ ಮೇಲೆ ಲೆಕ್ಕ ಮಾತಾಡುವ ಅಂತ.

ಪ್ರಶ್ನೆ: ದೇವಸ್ಥಾನದ ಬ್ರಹ್ಮಕಲಶಕ್ಕೆ ವಂತಿಗೆ ಕೇಳ್ಲಿಕ್ಕೆ ಬಂದವರು ರಶೀದಿಯಲ್ಲಿ ಅವರೇ 5000 ಬರೆದು ಕೈಗೆ ಕೊಟ್ರು. ಬೋರ್ಡಲ್ಲಿ ಹೆಸರು ಹಾಕ್ತಾರಂತೆ. ಇದು ಬಲವಂತ ಅಲ್ವಾ?
— ಓದುಗ, ಸುರತ್ಕಲ್

ಉತ್ತರ: ಬೋರ್ಡು ಆಸೆ ತೋರಿಸುದು, ಅದಕ್ಕೆ ಬೀಳುದು ಬಿಡುದು ನಿಮ್ಮಿಷ್ಟ. ಕೊಡದವರ ಲಿಸ್ಟ್ ವಾಟ್ಸಾಪ್ ಗ್ರೂಪಿಗೆ ಹಾಕ್ತೇವೆ ಅಂದ್ರೆ ಆಗ ಬಲವಂತ. 500 ಕೊಟ್ಟು ರಶೀದಿ ಬೇರೆ ಬರೆಸಿ, ಅವರಿಗೂ ಸಂಜೆಯೊಳಗೆ ಇನ್ನೂ ಎಷ್ಟೋ ಮನೆ ಹತ್ತಿ ಇಳಿಲಿಕ್ಕುಂಟು, ಜಗಳ ಮಾಡ್ಲಿಕ್ಕಿಲ್ಲ.