8ಬ್ರೊ ಅಂದರೆ ಆಗಸ್ಟ್ ಅಲ್ಲ

‘ಗೋವಾದ ಹಳೆಯ ಚರ್ಚ್ ದಾಖಲೆಯ ಫೋಟೊ ಸಿಕ್ಕಿದೆ, ಪೋರ್ಚುಗೀಸ್ ನಿಘಂಟು ಹಿಡಿದು ಕೂತರೂ ಅರ್ಧ ಪದ ಸಿಗ್ತಿಲ್ಲ, ಎಲ್ಲ ತುಂಡು ತುಂಡು’ ಅಂತ ಕೇಳಿದ್ದೀರಿ. ಸಿಗೋದೂ ಇಲ್ಲ ಬಿಡಿ. ನಮ್ಮ ಮದುವೆ ಕಾಗದದ ‘ಚಿ|| ಸೌ||’ ಇದೆಯಲ್ವಾ, ಅವೂ ಅದೇ ಥರ, ಪದವನ್ನು ಮೊಟಕು ಮಾಡಿ ಬರೆದದ್ದು.

ಮೊದಲು ನೋಡಬೇಕಾದ್ದು ಮೇಲೆ ಏರಿಸಿ ಸಣ್ಣಗೆ ಬರೆದ ಅಕ್ಷರ. ಸಾಮಾನ್ಯವಾಗಿ ಅದು ಪದದ ಬಾಲ. ಎಂ ಪಕ್ಕ ಮೇಲೆ ಪುಟ್ಟ ‘ಎ’ ಇದ್ದರೆ ಮರಿಯಾ, ‘ಇಎಲ್’ ಇದ್ದರೆ ಮನುಯೆಲ್. ಎಫ್ ಪಕ್ಕ ‘ಒ’ ಇದ್ದರೆ ಮಗ, ‘ಎ’ ಇದ್ದರೆ ಮಗಳು. ಶಾಯಿ ಹರಡಿದ ಪುಟದಲ್ಲಿ ಗಂಡೋ ಹೆಣ್ಣೋ ಅಂತ ಹೇಳೋದು ಆ ಸಾಸಿವೆಯಷ್ಟು ಅಕ್ಷರ. ಫೋಟೊ ದೊಡ್ಡದು ಮಾಡಿಯೇ ನೋಡಿ. ಡಿ ಪಕ್ಕ ‘ಒ’ ಇದ್ದರೆ ‘ದಿತೊ’, ನಮ್ಮ ಕಚೇರಿ ಕಾಗದದ ‘ಸದರಿ’. ಕ್ಯೂ ತಲೆ ಮೇಲೆ ಅಲೆಯಂಥ ಗೆರೆ ಇದ್ದರೆ ‘ಕೆ’ ಅನ್ನೋ ಪದ, ನಮ್ಮ ‘ಅಂತ’ ಥರ, ಹೆಚ್ಚುಕಮ್ಮಿ ಪ್ರತಿ ಸಾಲಲ್ಲೂ ಬರುತ್ತೆ.

ನಾನು ಜಾಸ್ತಿ ಎಡವಿದ್ದು ತಿಂಗಳಲ್ಲಿ. ನಮ್ಮ ಮನೆತನದ ಒಂದು ಜೋಡಿಗೆ ಜನವರಿಯಲ್ಲಿ ಮದುವೆ, ಅದೇ ವರ್ಷ ‘8ಬ್ರೊ’ದಲ್ಲಿ ಮಗುವಿನ ಜ್ಞಾನಸ್ನಾನ, ಅಂದರೆ ಮಗು ಹುಟ್ಟಿದ ಮೇಲೆ ಚರ್ಚಿನಲ್ಲಿ ಮಾಡೋ ಬ್ಯಾಪ್ಟಿಸಂ. ಎಂಟನೇ ತಿಂಗಳು, ಅಂದರೆ ಆಗಸ್ಟ್ ಅಂದುಕೊಂಡೆ. ಏಳೇ ತಿಂಗಳು! ಮನೆಯಲ್ಲಿ ಗುಸುಗುಸು ಶುರುವಾಯ್ತು. ಆಮೇಲೆ ತಿಳೀತು, ಪೋರ್ಚುಗೀಸಲ್ಲಿ ಎಂಟು ಅಂದರೆ ‘ಒಯ್ತು’, ಅದಕ್ಕೆ ‘ಬ್ರೊ’ ಸೇರಿ ಹಳೆಯ ಬರಹದ ಒಯ್ತುಬ್ರೊ, ಈಗಿನ ಔತುಬ್ರೊ, ಅಂದರೆ ಅಕ್ಟೋಬರ್. ಹಳೆಯ ರೋಮನ್ನರಿಗೆ ವರ್ಷ ಮಾರ್ಚ್‌ನಿಂದ ಶುರು, ಹಾಗಾಗಿ ಅಕ್ಟೋಬರ್ ಎಂಟನೆಯದು. 7ಬ್ರೊ ಸೆಪ್ಟೆಂಬರ್, 9ಬ್ರೊ ನವೆಂಬರ್. ಡಿಸೆಂಬರ್‌ಗೆ ಎಕ್ಸ್ ಹಾಕಿ ‘ಎಕ್ಸ್‌ಬ್ರೊ’, ರೋಮನ್ ಹತ್ತು. ಆ ಅಜ್ಜಿಗೆ ಇನ್ನೂರು ವರ್ಷದ ಮೇಲೆ ಸುಮ್ನೆ ಅಪವಾದ ಹೊರಿಸಿದ್ದೆ.

ಇದೇ ಎಕ್ಸ್ ಇನ್ನೊಂದು ಕಡೆ ಮೋಸ ಮಾಡುತ್ತೆ. ‘ಎಕ್ಸ್‌ಪಿಒ’ ಕಂಡರೆ ಅದು ಕ್ರಿಸ್ತ. ಅಲ್ಲಿರೋದು ಇಂಗ್ಲಿಷಿನ ಎಕ್ಸ್, ಪಿ ಅಲ್ಲ. ಗ್ರೀಕ್‌ನಲ್ಲಿ ಕ್ರಿಸ್ತನ ಹೆಸರಿನ ಮೊದಲೆರಡು ಅಕ್ಷರ ನೋಡೋಕೆ ಹಾಗಿವೆ.

ಮನೆತನದ ಹೆಸರುಗಳಲ್ಲಿ ‘ಆರ್‌ಒಐಝಡ್’ ಅಂದರೆ ರೊಡ್ರಿಗಸ್, ‘ಜಿಎಲ್‌ಝಡ್’ ಗೊನ್ಸಾಲ್ವಿಸ್, ‘ಎಫ್‌ಆರ್‌ಝಡ್’ ಫೆರ್ನಾಂಡಿಸ್. ಮೊದಲನೆಯದನ್ನು ಬೇರೆಯೇ ಮನೆತನ ಅಂತ ವಂಶವೃಕ್ಷದಲ್ಲಿ ಹಾಕಬೇಡಿ, ನಾನು ಹಾಕಿದ್ದೆ. ಅರ್ಥ ಆಗದಿದ್ದರೆ ಅದೇ ಪಾದ್ರಿ ಬರೆದ ಹಿಂದುಮುಂದಿನ ಪುಟ ತಿರುವಿ. ಎಲ್ಲಾದರೂ ಒಂದು ಕಡೆ, ಪುರಸೊತ್ತಿದ್ದ ದಿನ, ಅದೇ ಹೆಸರನ್ನು ಪೂರ್ತಿ ಬರೆದಿರಬಹುದು. ನನಗೆ ರೊಡ್ರಿಗಸ್ ಸಿಕ್ಕಿದ್ದು ಹಾಗೇ.