ಸೆರಗಿನ ಪಿನ್ನು ಚುಚ್ಚಿದರೂ ತಿಳಿಯಲಿಲ್ಲ

ಪ್ರಶ್ನೆ: ನನಗೆ 44 ವರ್ಷ. ಕ್ಯಾನ್ಸರ್ ಆಗಿದ್ದರಿಂದ 14 ತಿಂಗಳ ಹಿಂದೆ ಎಡಸ್ತನವನ್ನು ತೆಗೆದು, ಹೊಟ್ಟೆಯ ಚರ್ಮ ಮತ್ತು ಕೊಬ್ಬಿನಿಂದ ಹೊಸದನ್ನು ಕಟ್ಟಿಕೊಟ್ಟರು. ನೋಡಲು ಚೆನ್ನಾಗಿದೆ, ಆದರೆ ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಹೀಗಾಗುತ್ತದೆಂದು ಯಾರೂ ಹೇಳಿರಲಿಲ್ಲ. ಮೊನ್ನೆ ಮದುವೆಮನೆಯಲ್ಲಿ ಸೆರಗಿನ ಪಿನ್ನು ಬಿಚ್ಚಿಕೊಂಡು ಚುಚ್ಚುತ್ತಿದ್ದುದು ರವಿಕೆಯ ಮೇಲೆ ರಕ್ತದ ಕಲೆ ಕಂಡಾಗಲೇ ಗೊತ್ತಾಯಿತು. ಯಜಮಾನರು ಮುಟ್ಟಿದಾಗ ಹಿತವಾದಂತೆ ನಟಿಸುತ್ತೇನೆ. ಅತ್ತೆಯವರು "ಜೀವ ಉಳಿಯಿತಲ್ಲ, ಇನ್ನೇನು ಬೇಕು" ಎನ್ನುತ್ತಾರೆ. ನಾನು ಕೊರಗುವುದು ತಪ್ಪೇ? ಸ್ಪರ್ಶ ಮರಳುತ್ತದೆಯೇ? ಯಜಮಾನರಿಗೆ ಹೇಳಲೇ?

ಉತ್ತರ: ಕೊರಗುವುದು ತಪ್ಪಲ್ಲ. ಜೀವ ಉಳಿದ ಸಮಾಧಾನವೂ ದೇಹದ ಒಂದು ಅನುಭವವನ್ನೇ ಕಳೆದುಕೊಂಡ ಸಂಕಟವೂ ಒಬ್ಬರಲ್ಲೇ ಇರಬಹುದು. ನಿಮ್ಮ ಅತ್ತೆಯವರ ಮಾತಿನ ಹಿಂದೆ, ಸೊಸೆ ಕೈತಪ್ಪಿ ಹೋದಾಳೆಂದು ಅವರು ಪಟ್ಟ ಭಯ ಇದ್ದೀತು. ಹಾಗೆಂದು ಆ ಮಾತಿಗೆ ನೀವು ಬಾಯಿ ಕಟ್ಟಿಕೊಂಡು ಇರಬೇಕಾಗಿಲ್ಲ. ಆಕಾರ, ಕಲೆ, ಖರ್ಚು ಎಲ್ಲವನ್ನೂ ವಿವರಿಸುವ ವೈದ್ಯರು ಸ್ಪರ್ಶದ ಬಗ್ಗೆ ಎರಡು ಮಾತು ಆಡದೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ನಿಮಗೆ ಮೊದಲೇ ಹೇಳಬೇಕಾಗಿತ್ತು.

ಎದೆಯ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡುವ ಸಣ್ಣ ನರಗಳು ಪಕ್ಕೆಲುಬುಗಳ ನಡುವಿನಿಂದ ಹೊರಟು, ಅವುಗಳಲ್ಲಿ ಹಲವು ಸ್ತನದ ಅಂಗಾಂಶವನ್ನು ಹಾದು ಚರ್ಮವನ್ನು ಸೇರುತ್ತವೆ. ಸ್ತನವನ್ನು ತೆಗೆಯುವಾಗ ಅವೂ ಕತ್ತರಿಸಿಹೋಗುತ್ತವೆ. ಹೊಟ್ಟೆಯಿಂದ ತಂದ ಭಾಗಕ್ಕೆ ರಕ್ತ ಹರಿಯುವಂತೆ ಮಾಡುತ್ತಾರಾದ್ದರಿಂದ ಅದು ಬೆಚ್ಚಗೆ ಜೀವಂತವಾಗಿರುತ್ತದೆ, ಆದರೆ ನರಗಳನ್ನು ಜೋಡಿಸುವ ಕೆಲಸ ಎಲ್ಲ ಕಡೆ ನಡೆಯುವುದಿಲ್ಲ. ನರ ಮತ್ತೆ ಚಿಗುರಿದರೂ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಷ್ಟೇ ಬೆಳೆಯುತ್ತದೆ. ಅಂಚಿನಿಂದ ಒಳಕ್ಕೆ, ಇನ್ನೂ ಕೆಲವು ತಿಂಗಳುಗಳಲ್ಲಿ, ಒತ್ತಿದರೆ ತಿಳಿಯುವಷ್ಟು ಸಂವೇದನೆ ನಿಮಗೆ ಬರಬಹುದು. ನಡುವೆ ಚುರುಗುಟ್ಟಿದರೆ, ಜುಮ್ಮೆಂದರೆ ಗಾಬರಿಯಾಗಬೇಡಿ. ಮೊದಲಿನ ಹಿತ ಮಾತ್ರ ಹಾಗೆಯೇ ಮರಳುವುದು ಅಪರೂಪ. ನರಜೋಡಣೆಯನ್ನು ಸಾಮಾನ್ಯವಾಗಿ ಸ್ತನವನ್ನು ಮರಳಿ ಕಟ್ಟುವಾಗಲೇ ಮಾಡುತ್ತಾರೆ. ಈಗ ಸಾಧ್ಯವೇ ಎಂದು ನಿಮ್ಮ ಪ್ಲಾಸ್ಟಿಕ್ ಸರ್ಜನ್ ಅವರನ್ನು ಕೇಳಿ, ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ.

ಪಿನ್ನಿನ ಗಾಯ ಚಿಕ್ಕದು, ನನಗೆ ಹೆಚ್ಚು ಆತಂಕವಿರುವುದು ಬಿಸಿಯ ಬಗ್ಗೆ. ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದವರಿಗೆ ಮರಳಿ ಕಟ್ಟಿದ ಸ್ತನದ ಚರ್ಮ ಸುಟ್ಟು ಬೊಬ್ಬೆ ಎದ್ದರೂ ಅರಿವಾಗದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಬೆನ್ನು ನೋವಿಗೂ ಶೀತಕ್ಕೂ ಶಾಖ ಕೊಡುವುದು ನಮ್ಮ ಮನೆಗಳಲ್ಲಿ ರೂಢಿಯಾಗಿರುವುದರಿಂದ, ಎಡ ಎದೆಯ ಹತ್ತಿರ ಅದನ್ನು ತರಲೇಬೇಡಿ. ಸ್ನಾನದ ನೀರಿನ ಬಿಸಿಯನ್ನು ಬಲಗೈಯಿಂದ ನೋಡಿ, ಏಕೆಂದರೆ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದರೆ ಎಡತೋಳಿನ ಒಳಭಾಗವೂ ಮರಗಟ್ಟಿರಬಹುದು. ಕುದಿಯುವ ಸಾರಿನ ಪಾತ್ರೆಯನ್ನು ಎದೆಗೆ ಆನಿಸಿಕೊಂಡು ಒಯ್ಯಬೇಡಿ. ರಾತ್ರಿ ಬಟ್ಟೆ ಬದಲಿಸುವಾಗ ಕನ್ನಡಿಯ ಮುಂದೆ ನಿಂತು ಆ ಭಾಗವನ್ನು ಕಣ್ಣಿನಿಂದ ನೋಡಿಕೊಳ್ಳಿ. ಕೆಂಪಾಗಿದ್ದರೆ, ಗಾಯವಾಗಿದ್ದರೆ, ಹೊಸ ಗಂಟು ಕಂಡರೆ ವೈದ್ಯರಿಗೆ ತೋರಿಸಿ.

ಇನ್ನು ಯಜಮಾನರ ವಿಷಯ. ಅವರಿಗೆ ಹೇಳಿ. ನಿಮ್ಮ ನಟನೆಯಿಂದ, ಅಲ್ಲಿ ಮುಟ್ಟಿದರೆ ನಿಮಗೆ ಸಂತೋಷವೆಂದು ಅವರು ನಂಬಿಕೊಂಡಿದ್ದಾರೆ. ದಿನ ಕಳೆದಷ್ಟೂ ಆ ನಂಬಿಕೆಯನ್ನು ಬಿಡಿಸುವುದು ಕಷ್ಟವಾಗುತ್ತದೆ. ಹಾಸಿಗೆಯಲ್ಲಿ ಹೇಳಿದರೆ ಅವರಿಗೆ ತಮ್ಮನ್ನೇ ತಿರಸ್ಕರಿಸಿದಂತೆ ಕೇಳಿಸೀತು. ಸಂಜೆ ಕಾಫಿ ಕುಡಿಯುತ್ತಾ ಪಿನ್ನಿನ ಸಂಗತಿಯಿಂದಲೇ ಮಾತು ತೆಗೆಯಿರಿ. ಆಮೇಲೊಂದು ದಿನ, ಮನಸ್ಸು ಒಪ್ಪಿದಾಗ, ಅವರ ಬೆರಳನ್ನು ನಿಮ್ಮ ಕೈಯಲ್ಲಿ ಹಿಡಿದು, ಭುಜದಿಂದ ಕೆಳಕ್ಕೆ ಮೆಲ್ಲಗೆ ಸರಿಸುತ್ತಾ, ಎಲ್ಲಿಯವರೆಗೆ ತಿಳಿಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂದು ತೋರಿಸಿ. ಕುತ್ತಿಗೆ, ಬೆನ್ನು, ಬಲಸ್ತನ, ಎಲ್ಲೆಲ್ಲಿ ಹಿತವಿದೆಯೋ ಅದನ್ನೂ ಹೇಳಿ. ಕ್ಯಾನ್ಸರ್ ಮರಳದಂತೆ ಹಾರ್ಮೋನ್ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದು ಆಸೆಯೇ ಕುಗ್ಗಿದ್ದರೆ, ಸಂಕೋಚಪಡದೆ ನಿಮ್ಮ ಕ್ಯಾನ್ಸರ್ ವೈದ್ಯರ ಗಮನಕ್ಕೆ ತನ್ನಿ.

ಸ್ಪರ್ಶ ತಿಳಿಯದಿದ್ದರೂ ಅವರ ಕೈ ಅಲ್ಲಿರಲಿ ಎಂದು ಕೆಲವು ಹೆಂಗಸರಿಗೆ ಅನಿಸುತ್ತದೆ, ಕೆಲವರಿಗೆ ಬೇಡವೆನಿಸುತ್ತದೆ. ನಿಮಗೆ ಯಾವುದು ಸರಿಯೋ ಅದನ್ನೇ ಹೇಳಿ. ಈಗ ಬೇಡವೆಂದದ್ದು ಆರು ತಿಂಗಳ ನಂತರ ಬೇಕೆನಿಸಿದರೆ, ಅದನ್ನೂ ಅವರಿಗೆ ಹೇಳಬಹುದು.