ಹೋವರ್‌ಬೋರ್ಡ್ ವೈರು ತುಂಡಾದರೆ ಮನೆಯಲ್ಲೇ ಬೆಸುಗೆ ಹಾಕಬಹುದಾ?

ಪ್ರಶ್ನೆ: ಮಗನ ಹೋವರ್‌ಬೋರ್ಡ್ ಇಷ್ಟು ದಿನ ಚೆನ್ನಾಗಿ ಓಡುತ್ತಿತ್ತು. ಈಗ ಆನ್ ಮಾಡಿದರೆ ಕುಂಯ್ ಕುಂಯ್ ಅನ್ನುತ್ತದೆ, ಕೆಂಪು ದೀಪ ಮಿನುಗುತ್ತದೆ, ಬಲಗಡೆ ಚಕ್ರ ಗಡಗಡ ನಡುಗುತ್ತದೆ, ಆದರೆ ತಿರುಗುವುದಿಲ್ಲ. ಕೆಳಗಿನ ಮುಚ್ಚಳ ಬಿಚ್ಚಿದರೆ ಚಕ್ರದಿಂದ ಬರುವ ಸಣ್ಣ ವೈರುಗಳಲ್ಲಿ ಎರಡು ತುಂಡಾಗಿವೆ. ಹೊಸೆದು ಟೇಪ್ ಸುತ್ತಿದೆ. ಒಂದು ಸಂಜೆ ಓಡಿ ಮತ್ತೆ ನಿಂತಿತು. ಮೊಬೈಲ್ ಅಂಗಡಿಯವರು ಆಗಲ್ಲ ಅಂದರು. ನಾನೇ ಸೋಲ್ಡರ್ ಹಾಕಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಹಾಕಬಹುದು. ಅದೂ ನಿಮ್ಮದು ಅದೃಷ್ಟದ ಕೇಸು, ಯಾಕೆಂದರೆ ತುಂಡಾಗಿರುವುದು ಕಣ್ಣಿಗೆ ಕಾಣುತ್ತಿದೆ.

ಪ್ರತಿ ಚಕ್ರದಿಂದ ಎಂಟು ವೈರು ಬರುತ್ತವೆ. ಮೂರು ದಪ್ಪ, ಐದು ಸಣ್ಣ. ದಪ್ಪದವು ಮೋಟರಿಗೆ ಕರೆಂಟು ಕೊಡುತ್ತವೆ. ಸಣ್ಣವು ಚಕ್ರದೊಳಗಿನ ಮೂರು ಹಾಲ್ ಸೆನ್ಸರ್‌ಗಳದ್ದು: ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಳದಿ-ಹಸಿರು-ನೀಲಿ ಸಿಗ್ನಲ್. ಚಕ್ರ ಈಗ ಯಾವ ಕೋನದಲ್ಲಿದೆ ಅಂತ ಒಳಗಿನ ಮೇನ್ ಬೋರ್ಡಿಗೆ, ಅಂದರೆ ಸರ್ಕ್ಯೂಟ್ ಹಲಗೆಗೆ, ಹೇಳುವುದು ಈ ಸೆನ್ಸರ್‌ಗಳೇ. ಒಂದು ಸಿಗ್ನಲ್ ಹೋದರೂ ಯಾವ ಕಾಯಿಲ್‌ಗೆ ಕರೆಂಟು ಕೊಡಬೇಕು ಅಂತ ಬೋರ್ಡಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಆ ನಡುಕ. ಹೊಸೆದು ಟೇಪ್ ಸುತ್ತಿದರೆ ಓಡುವ ಅದುರಿಗೆ ಅದು ಸಡಿಲವಾಗಲೇಬೇಕು. ಈ ವೈರಿನೊಳಗಿನ ತಾಮ್ರದ ಎಳೆಗಳು ಕೂದಲಿನಷ್ಟು ತೆಳು.

ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತುಬಿಡಿ, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಎಕ್ಸ್‌ಟಿ60 ಅನ್ನುತ್ತಾರೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಕಿತ್ತ ಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡ್ ಮೇಲಿನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಕೆಲಸ ಮುಗಿಯುವವರೆಗೆ ಚಾರ್ಜರ್ ಹತ್ತಿರವೂ ತರಬೇಡಿ. ಆಮೇಲೆ ವಾಪಸ್ ಬ್ಯಾಟರಿ ಹಾಕುವಾಗ ಕನೆಕ್ಟರ್‌ನಲ್ಲಿ ಚಟ್ ಅಂತ ಸಣ್ಣ ಕಿಡಿ ಬಂದರೆ ಗಾಬರಿಯಾಗಬೇಡಿ, ಅದು ಖಾಲಿ ಕೆಪಾಸಿಟರ್ ತುಂಬಿಕೊಳ್ಳುವುದು.

ಈಗ ವೈರು. ಹಳೆ ತುದಿ ಕಪ್ಪಗಾಗಿದ್ದರೆ ಕತ್ತರಿಸಿ ಹೊಸ ತಾಮ್ರ ಬಿಡಿಸಿ, ಅರ್ಧ ಸೆಂಟಿಮೀಟರ್ ಸಾಕು. ಹೀಟ್ ಶ್ರಿಂಕ್ ಸ್ಲೀವನ್ನು (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ವೈರಿಗೆ ಮೊದಲೇ ತೂರಿಸಿಡಿ. ಬೆಸುಗೆ ಎಲ್ಲ ಮುಗಿಸಿ, ಸ್ಲೀವ್ ಮೇಜಿನ ಮೇಲೇ ಕೂತಿರುವುದು ನೋಡಿ ತಲೆ ಚಚ್ಚಿಕೊಳ್ಳದವರು ಈ ಕಸುಬಿನಲ್ಲಿ ಯಾರಿದ್ದಾರೆ! ಎರಡೂ ತುದಿಗೆ ಬೇರೆಬೇರೆಯಾಗಿ ಸೀಸ ಹಿಡಿಸಿ, ಆಮೇಲೆ ಸೇರಿಸಿ. ಸಣ್ಣ ವೈರಿಗೆ 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಕು, ದಪ್ಪದ್ದಕ್ಕೆ ಅದು ಸಾಲದು. ಎರಡು ಜಾಯಿಂಟ್ ಅಕ್ಕಪಕ್ಕ ಬರದಂತೆ ಒಂದನ್ನು ಹಿಂದೆ, ಇನ್ನೊಂದನ್ನು ಮುಂದೆ ಮಾಡಿ.

ಬಣ್ಣದ ವಿಷಯದಲ್ಲಿ ಹುಷಾರು. ಹಳದಿ, ಹಸಿರು, ನೀಲಿ ದಪ್ಪ ವೈರುಗಳಲ್ಲೂ ಇರುತ್ತವೆ. ದಪ್ಪ ವೈರು ಸಣ್ಣದಕ್ಕೆ ತಾಗಿದರೆ ಸೆನ್ಸರ್ ಸುಟ್ಟುಹೋಗುತ್ತದೆ, ಜೊತೆಗೆ ಮೇನ್ ಬೋರ್ಡೂ ಹೋಗಬಹುದು.

ಪರೀಕ್ಷೆ ಮಾಡಲು ಮೂರು ದಪ್ಪ ವೈರುಗಳ ಕನೆಕ್ಟರ್ ಕಿತ್ತು, ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿಡಿ. ಆಗ ಚಕ್ರ ತಾನಾಗಿ ತಿರುಗಿ ಬೆರಳು ಸಿಕ್ಕಿಕೊಳ್ಳುವ ಭಯವಿಲ್ಲ. ಬ್ಯಾಟರಿ ಹಾಕಿ, ಆನ್ ಮಾಡಿ, ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಕಪ್ಪು-ಕೆಂಪು ನಡುವೆ 5ರ ಹತ್ತಿರ ಬರಬೇಕು. ಆಮೇಲೆ ಕಪ್ಪು ಮತ್ತು ಒಂದೊಂದೇ ಸಿಗ್ನಲ್ ವೈರು ಹಿಡಿದು ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿದರೆ ವೋಲ್ಟ್ ಏರುವುದು, ಸೊನ್ನೆಗೆ ಇಳಿಯುವುದು, ಮತ್ತೆ ಏರುವುದು ಕಾಣಬೇಕು. ಒಂದು ಕಡೆ ನಿಂತೇಬಿಟ್ಟರೆ ಆ ವೈರು ಇನ್ನೂ ಕೂಡಿಲ್ಲ, ಇಲ್ಲವೇ ಆ ಸೆನ್ಸರ್ ಸತ್ತಿದೆ.

ವೈರು ಹೊರಬರುವ ಆಕ್ಸಲ್‌ನ ತೂತಿನ ಬಾಯಿಯಲ್ಲೇ ತುಂಡಾಗಿ, ಹಿಡಿಯಲು ಚೂರೂ ವೈರು ಉಳಿದಿಲ್ಲ ಅಂದರೆ ಮೋಟರ್ ಬಿಚ್ಚಬೇಕಾಗುತ್ತದೆ. ಒಳಗಿನ ಮ್ಯಾಗ್ನೆಟ್ ಬೆರಳು ಜಜ್ಜುವಷ್ಟು ಬಿಗಿ. ನಾನಾದರೆ ಅದಕ್ಕೆ ಕೈ ಹಾಕುವ ಬದಲು ಹಳೆಯ ಹೋವರ್‌ಬೋರ್ಡಿನಿಂದ ಬಿಚ್ಚಿದ ಚಕ್ರ ಹುಡುಕುತ್ತೇನೆ. ಬೆಂಗಳೂರು ಕಡೆ ಬಂದರೆ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ, ಸ್ಲೀವ್, ಸಿಲಿಕಾನ್ ವೈರು, ಕನೆಕ್ಟರ್ ಅಂತೂ ಅಲ್ಲಿ ಸಿಕ್ಕೇ ಸಿಗುತ್ತವೆ.

ಪ್ರಶ್ನೆ: ನಮ್ಮದು ಬೇರೆ ಥರ. ಆಫ್ ಇದ್ದಾಗಲೇ ಎಡ ಚಕ್ರ ಕೈಗೆ ತಿರುಗಲ್ಲ, ತಡೆದು ತಡೆದು ಬರುತ್ತದೆ. ಬೇರಿಂಗ್ ಹೋಗಿದೆಯಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇರಿಂಗ್ ಇರಲಿಕ್ಕಿಲ್ಲ. ದಪ್ಪ ವೈರುಗಳಲ್ಲಿ ಎರಡು ಎಲ್ಲೋ ಒಂದಕ್ಕೊಂದು ತಾಗಿದರೆ ಹೀಗಾಗುತ್ತದೆ. ಬ್ಯಾಟರಿ ಕಿತ್ತು, ಆ ಮೂರೂ ಕನೆಕ್ಟರ್ ಬಿಚ್ಚಿ ಚಕ್ರ ತಿರುಗಿಸಿ. ಸಲೀಸಾಗಿ ತಿರುಗಿತಾ? ಹಾಗಾದರೆ ಮೇನ್ ಬೋರ್ಡ್‌ನ ಮಾಸ್‌ಫೆಟ್, ಅಂದರೆ ಮೋಟರಿಗೆ ಕರೆಂಟು ಬಿಟ್ಟು ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್, ಶಾರ್ಟ್ ಆಗಿದೆ. ಇನ್ನೂ ಬಿಗಿಯೇ ಇದ್ದರೆ ಮೋಟರ್ ಕಡೆಯ ವೈರಿನ ಸಿಪ್ಪೆ ಸವೆದಿದೆ, ಆಕ್ಸಲ್ ಬಾಯಿ ಮೊದಲು ನೋಡಿ.

ಪ್ರಶ್ನೆ: ಬ್ಯಾಟರಿಯ ನೀಲಿ ಕವರ್ ಹತ್ತಿರ ಕೆಂಪು ವೈರಿನ ಸಿಪ್ಪೆ ಸುಲಿದಿದೆ. ಚಾರ್ಜರ್ ಚುಚ್ಚಿದರೂ ಹಸಿರು ದೀಪವೇ ಉರಿಯುತ್ತದೆ. ಕವರ್ ಬಿಚ್ಚಿ ಬೆಸುಗೆ ಹಾಕಲಾ?
– ಓದುಗರು, ಮಂಗಳೂರು

ಉತ್ತರ: ಕವರ್ ಬಿಚ್ಚಬೇಡಿ. ಮೋಟರ್, ಬೋರ್ಡ್ ಎಲ್ಲಕ್ಕೂ ಕರೆಂಟು ತಪ್ಪಿಸಿ ಕೆಲಸ ಮಾಡಬಹುದು. ಬ್ಯಾಟರಿಗೆ ಮಾತ್ರ ಆಫ್ ಅನ್ನುವುದೇ ಇಲ್ಲ. ಸಾಮಾನ್ಯ 36 ವೋಲ್ಟ್ ಪ್ಯಾಕಿನಲ್ಲಿ 20 ಲಿಥಿಯಂ ಸೆಲ್ ಇರುತ್ತವೆ, ತುಂಬಿದಾಗ 42 ವೋಲ್ಟ್. ಐರನ್ ತುದಿ ಜಾರಿ ಪ್ಲಸ್-ಮೈನಸ್ ಕೂಡಿತೋ, ಮುಗಿಯಿತು. 2016ರ ಜುಲೈನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 5 ಲಕ್ಷಕ್ಕೂ ಹೆಚ್ಚು ಹೋವರ್‌ಬೋರ್ಡ್ ವಾಪಸ್ ಕರೆಸಿದ್ದು ಇದೇ ಪ್ಯಾಕುಗಳು ಕಾದು, ಹೊತ್ತಿಕೊಂಡ ಕಾರಣಕ್ಕೆ. ಪ್ಯಾಕ್ ಬದಲಿಸಿ. ಹೊಸದು ಬರುವವರೆಗೆ ಹಳೆಯದನ್ನು ಚಾರ್ಜಿಗೆ ಹಾಕಬೇಡಿ, ಮಲಗುವ ಕೋಣೆಯಲ್ಲೂ ಇಡಬೇಡಿ.

ಹಸಿರು ದೀಪಕ್ಕೆ ಕಾರಣ ಬೇರೆಯೇ ಇರಬಹುದು. ಬ್ಯಾಟರಿ ಖಾಲಿ ಇದ್ದೂ ಹಸಿರು ಅಂದರೆ ಕರೆಂಟು ಹೋಗುತ್ತಿಲ್ಲ ಅಂತ. ಮೂರು ಪಿನ್ನಿನ ಚಾರ್ಜಿಂಗ್ ಪೋರ್ಟ್ ಅಲ್ಲಾಡುತ್ತಿದೆಯಾ ನೋಡಿ. ಬ್ಯಾಟರಿ ಪೂರ್ತಿ ಹೊರಗೆ ತೆಗೆದಿಟ್ಟ ಮೇಲೆ ಪೋರ್ಟ್‌ನ ಹಿಂದಿನ ವೈರಿಗೆ ನೀವೇ ಬೆಸುಗೆ ಹಾಕಬಹುದು, ತೊಂದರೆ ಇಲ್ಲ.

ಪ್ರಶ್ನೆ: ವೈರು ಸರಿಮಾಡಿದೆ, ಓಡುತ್ತದೆ, ಆದರೆ ಸುಮ್ನೆ ನಿಂತರೂ ಒಂದೇ ಕಡೆ ತಿರುಗುತ್ತದೆ!
– ಓದುಗರು, ಮೈಸೂರು

ಉತ್ತರ: ಎರಡೂ ಪಾದದ ಹಲಗೆ ಒಂದೇ ಮಟ್ಟಕ್ಕೆ ಬರುವಂತೆ ಸಮ ನೆಲದ ಮೇಲಿಡಿ. ಆಫ್ ಇದ್ದಾಗ ಪವರ್ ಬಟನ್ ಒತ್ತಿ ಹಿಡಿಯಿರಿ, ದೀಪಗಳು ಮಿನುಗುವವರೆಗೆ, ಸುಮಾರು 10 ಸೆಕೆಂಡ್. ಬಿಟ್ಟು, ಆಫ್ ಮಾಡಿ, ಮತ್ತೆ ಆನ್ ಮಾಡಿ. ಹೆಚ್ಚಿನ ಬೋರ್ಡುಗಳು ಇಷ್ಟಕ್ಕೇ ಸರಿಹೋಗುತ್ತವೆ. ಆಗಲಿಲ್ಲ ಅಂದರೆ ಮುಚ್ಚಳ ಮತ್ತೆ ತೆಗೆದು, ಪಾದದ ಕೆಳಗಿನ ಸಣ್ಣ ಸೆನ್ಸರ್ ಬೋರ್ಡ್‌ನ ಸ್ಕ್ರೂ ಸಡಿಲ ಬಿಟ್ಟಿದ್ದೀರಾ ನೋಡಿ.